ಹದಿನಾಲ್ಕನೆಯ ಕೋಣೆಯ ನೀರು

ಬ್ಲಿಯಾ ಖಾಂಗ್. ಅಮೆರಿಕದ ಕಾಗದಗಳ ಪ್ರಕಾರ ಎಪ್ಪತ್ತನಾಲ್ಕು ವರ್ಷ. ಅವರ ಸ್ವಂತ ಲೆಕ್ಕದಲ್ಲಿ ಎಪ್ಪತ್ತೊಂದು. ಲಾವೋಸಿನ ಬೆಟ್ಟಗಳ ನಡುವೆ ನಾಮ್ ಖಾವ್ ಎಂಬ ಹ್ಮಾಂಗ್ ಹಳ್ಳಿಯಲ್ಲಿ, ಖಾಂಗ್ ಕುಲದಲ್ಲಿ ಹುಟ್ಟಿದವರು. ಲೋರ್ ಕುಲದ ಚಾ ಫೂ ಅವರ ಹೆಂಡತಿ, ಆಮೇಲೆ ವಿಧವೆ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಹದಿನೇಳು ಮೊಮ್ಮಕ್ಕಳು. ವಿಸ್ಕಾನ್ಸಿನ್‌ನ ವೌಸಾ ಪಟ್ಟಣದಲ್ಲಿ ಮೂವತ್ತನಾಲ್ಕು ಚಳಿಗಾಲಗಳನ್ನು ಕಳೆದು, ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ ತೀರಿಕೊಂಡರು.

ಅದಕ್ಕೆ ಒಂಬತ್ತು ದಿನ ಮುಂಚೆ, ಆಸ್ಪತ್ರೆಯ ಹಾಸಿಗೆಯ ಮೇಲೆ ಒರಗಿಕೊಂಡು ಕಿರಿಯ ಸೊಸೆಯಿಂದ ತಲೆ ಬಾಚಿಸಿಕೊಳ್ಳುತ್ತಿದ್ದಾಗ, ಅವರು ಒಂದು ಮಾತು ಹೇಳಿದ್ದರು.

"ಜೂವಾ, ದಾರಿ ಹಾಡೋವಾಗ ನನ್ನನ್ನ ಸಂಜೆ ಶಾಲೆಯ ಹದಿನಾಲ್ಕನೇ ಕೋಣೆ ಮೇಲೆ ಕರ್ಕೊಂಡು ಹೋಗೋಕೆ ಹೇಳು."

"ಭಾವನೋರಿಗೆ ನೀವೇ ಹೇಳ್ಬಿಡಿ ಅತ್ತೆ. ಹಿರಿಯರ ಮುಂದೆ ಸೊಸೆ ಮಾತು ಯಾರು ಕೇಳ್ತಾರೆ?"

"ಅವನು ನಗ್ತಾನೆ. ನನ್ನ ಪಕ್ಕದಲ್ಲಿ ಕೂತಿದ್ದವಳು ನೀನು. ನೀನೇ ಹೇಳ್ಬೇಕು. ಬಾಚೋದು ಯಾಕೆ ನಿಲ್ಲಿಸ್ದೆ?"

ಜೂವಾ ಹಾಂಗ್ ಬಾಚುವುದನ್ನು ಮುಂದುವರಿಸಿದಳು. ಹೇಳುತ್ತೇನೆ ಎಂದು ಮಾತು ಕೊಟ್ಟಳು.

ಸತ್ತವರಿಗೆ ದಾರಿ ತಾನಾಗಿ ಗೊತ್ತಿರುವುದಿಲ್ಲ, ಹಾಡಿ ತೋರಿಸಬೇಕು. ಕೊನೆಯ ಮನೆಯಿಂದ ಹಿಂದಿನ ಮನೆಗೆ, ಅಲ್ಲಿಂದ ಅದಕ್ಕೂ ಹಿಂದಿನ ಮನೆಗೆ, ಹೀಗೆ ಬಾಳಿದ ಒಂದೊಂದು ನೆಲವನ್ನೂ ಹೆಸರು ಹಿಡಿದು ಕರೆದು, ಅಲ್ಲಿ ಕುಡಿದ ನೀರಿಗೂ ಉರಿಸಿದ ಸೌದೆಗೂ ಆ ನೆಲದೊಡೆಯನಾದ ದೈವಕ್ಕೆ ಕೈಮುಗಿಸಿ, ಹುಟ್ಟಿದ ಮನೆಯ ತನಕ ಕರೆದೊಯ್ಯಬೇಕು. ಹೆಣ್ಣುಮಗು ಹುಟ್ಟಿದಾಗ ಬಿದ್ದ ಮಾಸನ್ನು ತಾಯಿಯ ಮಂಚದ ಕೆಳಗೆ ಹೂತಿರುತ್ತಾರೆ. ಅದೇ ಅವಳ ಮೊದಲ ಅಂಗಿ. ಅದನ್ನು ತೆಗೆದು ತೊಟ್ಟುಕೊಂಡ ಮೇಲೆಯೇ ಹಿರಿಯರ ಬಳಿಗೆ ಹೋಗಲು ಅಪ್ಪಣೆ. ನಡುವೆ ಒಂದು ನೆಲ ಬಿಟ್ಟುಹೋದರೆ ಆತ್ಮ ಅಲ್ಲಿಯೇ ನಿಂತುಬಿಡುತ್ತದೆ. ಬಾಳದ ನೆಲವನ್ನು ಸೇರಿಸಿದರೂ ಕೇಡೇ: ಅಲ್ಲಿಯ ಒಡೆಯ ಇವಳನ್ನು ಗುರುತಿಸುವುದಿಲ್ಲ, ಮುಂದೆ ಬಿಡುವುದೂ ಇಲ್ಲ. ಆದ್ದರಿಂದ ಮನೆಯವರು ಕೊಡುವ ಊರುಗಳ ಪಟ್ಟಿಯಲ್ಲಿ ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು. ಹಾಡು ಶುರುವಾದರೆ ತಿದ್ದುವಂತಿಲ್ಲ.

ಶುಕ್ರವಾರ ಬೆಳಗ್ಗೆ ಶವಸಂಸ್ಕಾರದ ಸಭಾಂಗಣಕ್ಕೆ ನಾನೂರು ಜನ ಬಂದಿದ್ದರು. ನಗಾರಿ ಕಟ್ಟಿಯಾಗಿತ್ತು. ಆರು ಕೊಳವೆಯ ಬಿದಿರು ವಾದ್ಯದವನು ಗೋಡೆಗೆ ಒರಗಿ ಕಾಯುತ್ತಿದ್ದ. ದಾರಿಯ ಹಾಡು ಮುಗಿಯುವ ತನಕ ಅವನು ಉಸಿರು ಊದುವಂತಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಸೊಸೆಯಂದಿರು ಹಂದಿಮಾಂಸ ಕೊಚ್ಚುತ್ತಿದ್ದರು, ಸಾಸಿವೆ ಸೊಪ್ಪು ಬಿಡಿಸುತ್ತಿದ್ದರು. ಜೂವಾ ಸೊಪ್ಪಿನ ಕಟ್ಟನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

"ಎಲ್ಲಿಗೆ ಹೊರಟ್ಳು ನಮ್ಮ ಕಾಲೇಜಮ್ಮ?" ಎಂದರು ಗಂಡನ ಚಿಕ್ಕತ್ತೆ ಯೂವಾ. "ಸೊಪ್ಪು ಹೆಚ್ಚೋಕೆ ಯಾವ ಪುಸ್ತಕ ನೋಡ್ಬೇಕು ಅಂತ ಕೇಳ್ಕೊಂಡು ಬರೋಕಾ?"

"ಹಿರಿಯರ ಹತ್ರ ಒಂದು ಮಾತಿದೆ ಚಿಕ್ಕತ್ತೆ."

"ಗಂಡಸರು ಕೂತಿರೋ ಕಡೆ? ಹೋಗು ಹೋಗು. ಬೈಸ್ಕೊಂಡು ಬಾ. ಈರುಳ್ಳಿ ಹೆಚ್ಚೋಕೆ ಇಟ್ಟಿರ್ತೀನಿ, ಅಳೋಕೆ ನೆವ ಬೇಕಲ್ಲ."

ಶವಪೆಟ್ಟಿಗೆಯ ಪಕ್ಕದಲ್ಲಿ ದಾರಿ ಹಾಡುವ ನೆಂಗ್ ಷೂ ಮೌವಾ ಕುಳಿತಿದ್ದರು. ಎಂಬತ್ತು ಮೀರಿದ ಜೀವ. ತಮ್ಮ ಹೆಸರನ್ನೂ ಓದಲಾರದವರು, ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ಹಾಡುವಷ್ಟನ್ನು ಎದೆಯಲ್ಲಿ ಇಟ್ಟುಕೊಂಡವರು. ಅವರ ಎದುರು ಹಿರಿಯ ಮಗ ಚಾಯ್ ಪಟ್ಟಿ ಓದಿ ಹೇಳುತ್ತಿದ್ದ. ಪಕ್ಕದಲ್ಲಿ ಜೂವಾಳ ಗಂಡ ಪೆಂಗ್, ಮನೆಯ ಕಿರಿಯ ಮಗ, ತಲೆ ತಗ್ಗಿಸಿ ಕುಳಿತಿದ್ದ.

ಜೂವಾ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಅತ್ತೆಯ ಮಾತನ್ನು ಒಪ್ಪಿಸಿದಳು.

ಚಾಯ್ ಪಟ್ಟಿಯಿಂದ ತಲೆಯೆತ್ತಿದ. "ಸಂಜೆ ಶಾಲೆ ಮನೆ ಹೇಗಾಗತ್ತೆ? ಅಮ್ಮ ಅಲ್ಲಿ ಒಂದು ದಿನ ಮಲಗಿ ಎದ್ದವಳಲ್ಲ. ಆ ಲೆಕ್ಕಕ್ಕೆ ಸಂತೆಯಲ್ಲಿ ತರಕಾರಿ ಮಾರಿದ ಜಾಗಾನೂ ಸೇರಿಸ್ಬೇಕಾಗತ್ತೆ. ದೊಡ್ಡಪ್ಪ, ಹೊತ್ತಾಗ್ತಿದೆ."

ನೆಂಗ್ ಷೂ ಅವಸರಪಡಲಿಲ್ಲ. "ಮುನ್ನೂರು ಜನಾನ ಕಳಿಸಿದೀನಿ ನಾನು," ಎಂದರು. "ಒಬ್ಬರನ್ನೂ ಶಾಲೆ ಮೇಲೆ ಕರ್ಕೊಂಡು ಹೋಗಿಲ್ಲ. ಅಮ್ಮಣ್ಣಿ, ನಿಮ್ಮತ್ತೆ ಅಲ್ಲಿ ನೀರು ಕುಡಿದಿದ್ದಾಳಾ?"

"ಕುಡಿದಿದ್ದಾರೆ ದೊಡ್ಡಪ್ಪ. ಹನ್ನೊಂದು ಚಳಿಗಾಲ."

"ಬೆಂಕಿ ಕಾಯ್ಸಿದ್ದಾಳಾ?"

"ಕಿಟಕಿ ಪಕ್ಕ ಕಬ್ಬಿಣದ ಬಿಸಿಕೊಳವೆ ಇದೆ. ಬೆರಳು ಮರಗಟ್ಟಿರ್ತಿತ್ತು. ಕೈ ಕಾಯಿಸ್ಕೊಂಡೇ ಸೀಸದ ಕಡ್ಡಿ ಹಿಡೀತಿದ್ರು."

"ಅದು ದುಡಿಯೋ ಜಾಗದಲ್ಲೂ ಇರತ್ತೆ," ಎಂದ ಚಾಯ್.

"ನಿನ್ನನ್ನ ಕೇಳ್ತಿಲ್ಲಪ್ಪ," ಎಂದರು ನೆಂಗ್ ಷೂ. "ನೀನು ಹೇಳಮ್ಮ. ಐವತ್ತು ದಾಟಿದ ಹೆಂಗಸು ಅಲ್ಲಿಗೆ ಯಾಕೆ ಹೋದ್ಳು?"

ಜೂವಾ ಹೇಳತೊಡಗಿದಳು. ಬೇಸಿಗೆಯಲ್ಲಿ ಬಗ್ಗಿ ಜಿನ್ಸೆಂಗ್ ಎಂಬ ಔಷಧಿ ಬೇರಿನ ತೋಟದ ಕಳೆ ಕಿತ್ತು, ಶನಿವಾರ ಸಂತೆಯಲ್ಲಿ ಸೊಪ್ಪು ಮಾರಿ, ಅಕ್ಟೋಬರಿನಲ್ಲಿ ಹಿಮ ಬೀಳುತ್ತಿದ್ದಂತೆ ಅತ್ತೆ ಚೀಲ ಹೆಗಲಿಗೆ ಹಾಕುತ್ತಿದ್ದರು. ಮದುವೆಗಾಗಿ ಹೈಸ್ಕೂಲು ಬಿಟ್ಟು ಬಂದಿದ್ದ ಸೊಸೆಗೆ, ಮನೆಗೆ ಬಂದ ಮರುವರ್ಷವೇ, "ಏಳು, ಕೋಟು ಹಾಕ್ಕೋ, ನಾನೊಬ್ಬಳೇ ಹೋದ್ರೆ ಮುದುಕಿಗೆ ಹುಚ್ಚು ಅಂತಾರೆ, ಇಬ್ರೂ ಹೋದ್ರೆ ಮನೆತನಕ್ಕೇ ಹುಚ್ಚು ಅಂದ್ಕೊಂಡು ಸುಮ್ಮನಾಗ್ತಾರೆ," ಎಂದಿದ್ದರು. ವಾರಕ್ಕೆ ನಾಲ್ಕು ಸಂಜೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತರು. ಸೀಸದ ಕಡ್ಡಿ ಅತ್ತೆಯ ಬೆರಳಿಗೆ ಒಗ್ಗಲಿಲ್ಲ; ಜಾರುತ್ತಿತ್ತು, ಮುರಿಯುತ್ತಿತ್ತು. ಸೂಜಿ ಮಾತ್ರ ಎಂದೂ ಜಾರಿದ್ದಲ್ಲ. ಅದಕ್ಕೆ ಅವರು ಬಟ್ಟೆಯ ಪಟ್ಟಿ ತಂದು, ಹಲಗೆಯ ಮೇಲಿನ ಅಕ್ಷರಗಳನ್ನು ದಾರದಲ್ಲಿ ಹೊಲಿದುಕೊಂಡರು. ಮೊದಲ ಚಳಿಗಾಲ ಮುಗಿಯುವಾಗ ಇಪ್ಪತ್ತಾರು ಅಕ್ಷರಗಳೂ ಒಂದು ಹಸಿರು ಪಟ್ಟಿಯ ಮೇಲೆ ನಿಂತಿದ್ದವು. ಆಮೇಲೆ ಮಾತುಗಳು, ಆಮೇಲೆ ಗುಣಾಕಾರದ ಮಗ್ಗಿ. ಗಣಿತದ ಪರೀಕ್ಷೆಯಲ್ಲಿ ನಾಲ್ಕು ಸಲ ಬಿದ್ದರು. ಪ್ರತಿ ಸಲವೂ ಮನೆಗೆ ಬಂದು ಕೋಳಿ ಕೊಯ್ದು ಬೇಯಿಸಿ, "ಇನ್ನೊಂದು ವರ್ಷ ಹೋಗೋಕೆ ಅಪ್ಪಣೆ ಸಿಕ್ತು," ಎನ್ನುತ್ತಿದ್ದರು. ಐದನೆಯ ಸಲ ಗೆದ್ದರು. ಆಗ ಅವರಿಗೆ ಅರವತ್ತೈದು. ಅಷ್ಟಕ್ಕೇ ನಿಲ್ಲದೆ ಕಾಲೇಜಿಗೆ ಹೆಸರು ಬರೆಸಿ, ಪದವಿಗೆ ಬೇಕಾದ ಮೂವತ್ತು ಪಾಠಗಳಲ್ಲಿ ಎರಡನ್ನು ಮುಗಿಸಿದರು.

"ಹೇಗೆ ಕಲಿತಳು ಅನ್ನೋದು ಹೇಳ್ದೆ," ಎಂದರು ನೆಂಗ್ ಷೂ. "ಯಾಕೆ ಅಂತ ಕೇಳಿದ್ದೆ ನಾನು."

ಜೂವಾ ಗಂಡನ ಕಡೆ ನೋಡಿದಳು. ಅತ್ತೆ ಅವಳೊಬ್ಬಳಿಗೇ ಹೇಳಿದ್ದ ಸಂಗತಿ ಅದು. ಪೆಂಗ್‌ನ ಎದುರಿಗೆ ಅದನ್ನು ಬಿಚ್ಚುವುದು ಅವಳಿಗೆ ಒಪ್ಪಿತವಾಗಿರಲಿಲ್ಲ. ಮುಚ್ಚಿಟ್ಟರೆ ಅತ್ತೆ ನಡುದಾರಿಯಲ್ಲಿ ನಿಲ್ಲುತ್ತಾರೆ. ಅವಳು ಸೊಂಟದ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಹಳೆಯ ಕಾಗದ ತೆಗೆದು ಚಾಪೆಯ ಮೇಲಿಟ್ಟಳು.

"ನಿರಾಶ್ರಿತರ ಶಿಬಿರದಲ್ಲಿ ಅಮೆರಿಕಕ್ಕೆ ಬರೋಕೆ ಇದಕ್ಕೆ ಅತ್ತೆ ಹೆಬ್ಬೆಟ್ಟು ಒತ್ತಿದ್ರು ದೊಡ್ಡಪ್ಪ. ಗುಮಾಸ್ತ ಸಾಲಲ್ಲಿ ನಿಂತವರ ಹೆಸರು ಮಾತ್ರ ಬರ್ಕೊಂಡ. ಪೆಂಗ್‌ಗೆ ಅವತ್ತು ಜ್ವರ. ಚಿಕ್ಕಮ್ಮನ ಗುಡಿಸಲಲ್ಲಿ ಮಲಗಿಸಿದ್ರು. ಬಸ್ಸು ಬಂದ ದಿನ ಬಾಗಿಲಲ್ಲಿ ಹೇಳಿದ್ರಂತೆ, ಈ ಮಗು ಕಾಗದದಲ್ಲಿಲ್ಲ ಅಂತ. ಹತ್ತಿದ್ರೆ ಆರು ಜನ. ಇಲ್ದಿದ್ರೆ ಸರದಿ ಹೋಯ್ತು."

ಪೆಂಗ್ ತಲೆಯೆತ್ತಿದ. ಹತ್ತೊಂಬತ್ತು ತಿಂಗಳು ತಾನು ಶಿಬಿರದಲ್ಲಿ ಉಳಿದದ್ದು ವೈದ್ಯರು ಜ್ವರ ನೋಡಿ ತಡೆದದ್ದರಿಂದ ಎಂದೇ ಅವನು ಬಾಲ್ಯದಿಂದ ಕೇಳಿದ್ದ.

"ಆರು ಹೆಸರು ಬರ್ದಿದ್ದಾರಾ, ಏಳು ಬರ್ದಿದ್ದಾರಾ ಅಂತ ನೋಡೋಕೂ ಬರ್ಲಿಲ್ಲ ನನಗೆ, ಅಂತಿದ್ರು ಅತ್ತೆ. ಓದಿ ನೋಡದ ಕಾಗದಕ್ಕೆ ಇನ್ನೊಂದು ಸಲ ಹೆಬ್ಬೆಟ್ಟು ಹಾಕಲ್ಲ ಅಂತಿದ್ರು. ಮೂರನೇ ಚಳಿಗಾಲದಲ್ಲಿ ಒಂದಿನ ಈ ಕಾಗದ ಕೋಣೆಗೆ ತಂದ್ರು. ಬೆರಳಿಟ್ಟು ಒಂದೊಂದೇ ಹೆಸರು ಓದಿದ್ರು. ಆರು. ಆಮೇಲೆ ಸೀಸದ ಕಡ್ಡಿ ಚೂಪು ಮಾಡ್ಕೊಂಡು ಕೆಳಗೆ ಏಳನೇ ಹೆಸರು ಬರ್ದ್ರು. ಅದೇ ಅವರು ಸೂಜಿ ಬಿಟ್ಟು ಕಡ್ಡಿಯಲ್ಲಿ ಬರೆದ ಮೊದಲನೇ ಮಾತು."

ನೆಂಗ್ ಷೂ ಕಾಗದವನ್ನು ಎತ್ತಿ, ಅದನ್ನು ಓದಬಲ್ಲವರಂತೆ ಕಣ್ಣಿನ ಹತ್ತಿರ ಹಿಡಿದರು. "ಚಾಯ್, ನೀನು ಓದು."

ಚಾಯ್ ಓದಿದ. ತಂದೆಯ ಹೆಸರು, ತಾಯಿಯ ಹೆಸರು, ತನ್ನದು, ಇನ್ನು ಮೂವರದು. ಏಳನೆಯದನ್ನು ಓದದೆ ಕಾಗದವನ್ನು ಪೆಂಗ್‌ನ ಕಡೆ ತಿರುಗಿಸಿದ. ಶಿಬಿರದ ಬಾಗಿಲಲ್ಲಿ ಅವನಿಗೆ ಹದಿನಾಲ್ಕು ವರ್ಷ. ಯಾರಿಗೂ ಹೇಳಕೂಡದೆಂದು ತಂದೆ ಆಣೆ ಹಾಕಿಸಿಕೊಂಡಿದ್ದರು. ಶಾಲೆಯ ಮಾತು ಬಂದಾಗಲೆಲ್ಲ ಅವನು ನಗುತ್ತಿದ್ದದ್ದು ಏಕೆಂದು ಜೂವಾಗೆ ಆಗ ಹೊಳೆಯಿತು.

"ಮಗು ಹುಟ್ಟಿದ ಮೂರನೇ ದಿನ ಎಲ್ಲಿ ಹೆಸರಿಡ್ತೀವಿ?" ಎಂದು ನೆಂಗ್ ಷೂ ಕೇಳಿದರು. ಉತ್ತರ ಎಲ್ಲರಿಗೂ ಗೊತ್ತಿತ್ತು: ಮನೆಯ ಬಾಗಿಲಲ್ಲಿ ನಿಂತು, ಆತ್ಮವನ್ನು ಒಳಗೆ ಕರೆದು. "ಹೆಸರು ತಪ್ಪಿಹೋದ ಮಗನಿಗೆ ತಾಯಿ ಹೆಸರಿಟ್ಟ ಸೂರು ಅದು. ಹೆಸರಿಟ್ಟ ಸೂರು ಮನೇನೇ. ಚಾಯ್, ಬರ್ಕೋ."

ಚಾಯ್ ತಾನೇ ಪಟ್ಟಿಯ ನಡುವೆ ಜಾಗ ಮಾಡಿ ಬರೆದ.

"ಆದ್ರೆ ಆ ನೆಲದ ಪರಿಚಯ ನನಗಿಲ್ಲ," ಎಂದರು ನೆಂಗ್ ಷೂ. "ಗೊತ್ತಿಲ್ಲದ ನೀರಿಗೆ ನಾನು ಹೇಗೆ ಕೈಮುಗಿಸ್ಲಿ? ಹೋಗಿ ಅಲ್ಲಿ ನೀರು ತಗೊಂಡು ಬಾ ಅಮ್ಮಣ್ಣಿ. ನೀನೇ ಹೋಗ್ಬೇಕು. ನೀನೂ ಅದೇ ನೀರು ಕುಡಿದವಳು."

ನಾನೂರು ಜನ ಕಾಯುತ್ತಾರೆಂದು ಯಾರೋ ಗೊಣಗಿದರು. "ಮುದುಕಿ ಹನ್ನೊಂದು ವರ್ಷ ಕಾದಿದ್ಲಂತೆ," ಎಂದರು ನೆಂಗ್ ಷೂ. "ನಿಮಗೇನು, ಕೂತಿದ್ದೀರಿ."

ಪೆಂಗ್ ಎದ್ದು ಬಂದು ಕಾರಿನ ಕೀಲಿ ಕೊಟ್ಟ. ಅವನ ಕಣ್ಣು ಒದ್ದೆಯಾಗಿತ್ತು; ಹೇಳಿದ್ದು ಮಾತ್ರ ಬೇರೆ. "ಹಿಂದಿನ ಚಕ್ರ ಜಾರತ್ತೆ. ನಿಧಾನ."

ಕೆಂಪು ಇಟ್ಟಿಗೆಯ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಉಸ್ತುವಾರಿಯ ಡೇಲ್ ಉಪ್ಪು ಚೆಲ್ಲುತ್ತಿದ್ದ. ಇಪ್ಪತ್ತು ವರ್ಷದಿಂದ ಅಲ್ಲಿಯೇ ಇರುವವನು. ಜೂವಾಳ ತಲೆಗೆ ಸುತ್ತಿದ್ದ ಬಿಳಿಯ ಬಟ್ಟೆ ನೋಡಿ ಅವನ ಕೈ ನಿಂತಿತು.

"ಅಜ್ಜಿನಾ?"

"ಹೌದು. ಒಂದು ಬಾಟಲಿ ನೀರು ಬೇಕು, ಡೇಲ್. ಮೊಗಸಾಲೆ ನಲ್ಲಿಯದು."

ಏಕೆಂದು ಅವನು ಕೇಳಲಿಲ್ಲ. ಬಾಗಿಲು ತೆಗೆದು ಹಿಡಿದ. "ಈ ಸಲ ಸೊಪ್ಪು ಬರ್ಲಿಲ್ಲ ಅಂತ ಅಂದ್ಕೊಂಡಿದ್ದೆ," ಎಂದ. "ಪ್ರತಿ ವರ್ಷ ಒಂದು ಕಂತೆ ಕೊಡೋರು. ಅದನ್ನ ಹೇಗೆ ಬೇಯಿಸ್ಬೇಕು ಅಂತ ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಬೇಡ ಅನ್ನೋಕೆ ಧೈರ್ಯ ಬರ್ಲಿಲ್ಲ."

ನೀರು ತುಂಬಿಕೊಂಡು ಜೂವಾ ಹದಿನಾಲ್ಕನೆಯ ಕೋಣೆಯೊಳಗೆ ಹೋದಳು. ಹೊಸ ಮೇಜುಗಳು, ಹೊಸ ಹಲಗೆ. ಕಿಟಕಿಯ ಕೆಳಗಿನ ಬಿಸಿಕೊಳವೆ ಹಳೆಯದೇ. ಅವಳು ಅದರ ಮೇಲೆ ಅಂಗೈ ಇಟ್ಟಳು. ಹೊರಗೆ ಬರುವಾಗ ಡೇಲ್ ಕೈಯಲ್ಲಿ ಒಂದು ಕೂರುದಿಂಬು ಹಿಡಿದು ನಿಂತಿದ್ದ. ನೀಲಿ ಬಟ್ಟೆಯ ಮೇಲೆ ಬಸವನಹುಳುವಿನ ಸುರುಳಿ, ನಾಲ್ಕು ಮೂಲೆಗೂ. ಬೆಂಚು ಗಟ್ಟಿಯೆಂದು ಅತ್ತೆ ಹೊಲಿದುಕೊಂಡದ್ದು; ಐದಾರು ವರ್ಷದ ಹಿಂದೆ ಅಲ್ಲಿಯೇ ಮರೆತದ್ದು.

"ಎಸೆಯೋಕೆ ಮನಸ್ಸಾಗ್ಲಿಲ್ಲ. ಯಾರೋ ಕೂತಿದ್ದಾರೆ ಅನ್ನೋ ಹಾಗೆ ಕಾಣ್ತಿತ್ತು."

ನೆಂಗ್ ಷೂ ದಿಂಬನ್ನು ನೋಡಿ ತಲೆದೂಗಿದರು. ಅದನ್ನು ಬ್ಲಿಯಾ ಅವರ ತಲೆಯ ಬಳಿ ಇಟ್ಟು, ನೀರನ್ನು ಬಟ್ಟಲಿಗೆ ಸುರಿದು, ಸೀಳಿದ ಬಿದಿರಿನ ಎರಡು ಹೋಳುಗಳನ್ನು ಕೈಗೆತ್ತಿಕೊಂಡರು. ಒಂದು ಮೇಲ್ಮುಖ, ಇನ್ನೊಂದು ಕೆಳಮುಖವಾಗಿ ಬಿದ್ದರೆ ಸತ್ತವರು ಒಪ್ಪಿದಂತೆ. ಮೊದಲ ಸಲ ಎರಡೂ ಕೆಳಮುಖವಾಗಿ ಬಿದ್ದವು. ಅವರು ಬಟ್ಟಲನ್ನು ಇನ್ನಷ್ಟು ಹತ್ತಿರ ಸರಿಸಿ ಮತ್ತೆ ಎಸೆದರು. ಒಂದು ಹೋಳು ಮಗುಚಿಕೊಂಡಿತು, ಇನ್ನೊಂದು ಬಾಯ್ತೆರೆದು ನಿಂತಿತು.

ಹಾಡು ಎದ್ದಿತು.

ಜೂವಾ ಈ ಹಾಡನ್ನು ಎಷ್ಟೋ ಸಾವುಗಳಲ್ಲಿ ಅಡುಗೆಮನೆಯಿಂದ ಕೇಳಿದ್ದಳು, ಪಾತ್ರೆಗಳ ಸದ್ದಿನ ನಡುವೆ, ತುಂಡು ತುಂಡಾಗಿ. ಇಂದು ಅವಳನ್ನು ಯಾರೂ ಹಿಂದಕ್ಕೆ ಕಳಿಸಲಿಲ್ಲ. ಬಾಗಿದ ಬೆನ್ನಿನ ಆ ಮುದುಕನ ಗಂಟಲಿನಿಂದ ಅಷ್ಟು ದೊಡ್ಡ ದನಿ ಎಲ್ಲಿಂದ ಹೊರಡುತ್ತದೆಂದು ಅವಳಿಗೆ ತಿಳಿಯಲಿಲ್ಲ. ಅದು ಬ್ಲಿಯಾ ಅವರನ್ನು ಹೆಸರು ಹಿಡಿದು ಎಬ್ಬಿಸಿತು. ಸೆಣಬಿನ ಚಪ್ಪಲಿ ತೊಡಿಸಿತು. ಪಟ್ಟಣದ ಪೂರ್ವಭಾಗದ ಮನೆಯ ಒಲೆಗೆ, ನಲ್ಲಿಗೆ, ಹಿತ್ತಲ ಸೊಪ್ಪಿನ ಮಡಿಗೆ ಕೈಮುಗಿಸಿತು. ಆಮೇಲೆ ಹಿಮದ ಮೇಲೆ ಹೆಜ್ಜೆ ಹಾಕಿಸುತ್ತ, ಯಾವ ದಾರಿಯ ಹಾಡಿನಲ್ಲೂ ಅದುವರೆಗೆ ಬಾರದಿದ್ದ ಒಂದು ಬಾಗಿಲ ಮುಂದೆ ನಿಂತಿತು.

"ಬ್ಲಿಯಾ, ಇಲ್ಲಿ ನಿಲ್ಲು. ಕೆಂಪು ಇಟ್ಟಿಗೆಯ ಮನೆಯೊಡೆಯ ಕೇಳುತ್ತಾನೆ, ನೀನು ಯಾರು, ಹೊರಡಲು ನಿನಗೆ ಯಾರ ಅಪ್ಪಣೆ. ನೀನು ಹೇಳು: ಹನ್ನೊಂದು ಚಳಿಗಾಲ ನಿನ್ನ ನೀರು ಕುಡಿದವಳು ನಾನು. ನಿನ್ನ ಕಬ್ಬಿಣದ ಒಲೆಯಲ್ಲಿ ಬೆರಳು ಕಾಯಿಸಿದವಳು ನಾನು. ನಿನ್ನ ಸೂರಿನ ಕೆಳಗೆ ನನ್ನ ಕಿರಿಯ ಮಗನ ಹೆಸರನ್ನು ನನ್ನ ಕೈಯಾರೆ ಇಟ್ಟವಳು ನಾನು. ನೀರಿಗೆ ಕೈಮುಗಿದೆ, ಬೆಂಕಿಗೆ ಕೈಮುಗಿದೆ. ಇನ್ನು ದಾರಿ ಬಿಡು."

ನೆಂಗ್ ಷೂ ಬಟ್ಟಲಿನ ನೀರನ್ನು ಮೂರು ಸಲ ಚಿಮುಕಿಸಿದರು. ಅಡುಗೆಮನೆಯ ಬಾಗಿಲಲ್ಲಿ ಯೂವಾ ಚಿಕ್ಕತ್ತೆ ಕತ್ತಿ ಹಿಡಿದೇ ನಿಂತಿದ್ದರು, ಈರುಳ್ಳಿಯಿಲ್ಲದೆಯೇ ಅಳುತ್ತ. ಜೂವಾ ಕುಳಿತಿದ್ದ ಬೆಂಚು, ಮುರಿದ ಸೀಸದ ಕಡ್ಡಿಗಳನ್ನು ಹಾಕುತ್ತಿದ್ದ ತಗಡಿನ ಡಬ್ಬಿ, ತಪ್ಪಿದ ಲೆಕ್ಕಗಳು, ಎಲ್ಲವೂ ಈಗ ಹಿರಿಯರ ದಾರಿಯಲ್ಲಿ ಒಂದು ತಂಗುದಾಣವಾಗಿತ್ತು. ಅವರ ಜನ ನಡೆದ ದಾರಿಯಲ್ಲಿ ಕಾಡು ಇತ್ತು, ನದಿ ಇತ್ತು, ಮುಳ್ಳುತಂತಿಯ ಶಿಬಿರ ಇತ್ತು, ಶಾಲೆ ಇರಲಿಲ್ಲ. ಇಂದಿನಿಂದ ಇತ್ತು.

ಹಾಡು ಮುಂದೆ ಸಾಗಿತು: ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಬಾಡಿಗೆ ಕೋಣೆಗಳು, ಶಿಬಿರದ ಬಾಗಿಲು, ಮೆಕಾಂಗ್ ನದಿ, ಮಾವನ ಮನೆ. ಕೊನೆಗೆ ನಾಮ್ ಖಾವ್, ಈಗ ಅಲ್ಲಿ ಇಲ್ಲದ ಒಂದು ಮನೆ, ಆ ಮನೆಯ ಇಲ್ಲದ ಮಂಚ. ಅದರ ಕೆಳಗಿನ ಮಣ್ಣನ್ನು ಬ್ಲಿಯಾ ಬಗೆದರು. ಅಂಗಿ ಸಿಕ್ಕಿತು. ತೊಟ್ಟುಕೊಂಡರು.

ಆಗ ನಗಾರಿ ಬಡಿಯಿತು.

ಆ ವರ್ಷದ ಶರತ್ಕಾಲದಲ್ಲಿ ಮಕ್ಕಳೈವರೂ ಸೇರಿ ತಂದೆತಾಯಿಯ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನ ಇಟ್ಟರು. ನದಿ ದಾಟಿ ಬಂದ ಹ್ಮಾಂಗ್ ಮನೆತನದ ಯಾರೇ ಕಾಲೇಜಿಗೆ ಹೊರಟರೂ, ಯಾವ ವಯಸ್ಸಿನವರಾದರೂ, ಕೇಳಬಹುದು. ಅಂಕಪಟ್ಟಿ ಬೇಕಿಲ್ಲ. ನಿಬಂಧನೆ ಒಂದೇ, ಅದನ್ನು ಹಾಕಿದವರು ನೆಂಗ್ ಷೂ: ಬೇಡುವವರು ಎದುರು ನಿಂತು, ತಾವಿರುವ ಮನೆಯಿಂದ ಹಿಂದಕ್ಕೆ, ತಮ್ಮ ಹೆತ್ತವರು ಹುಟ್ಟಿದ ಮಂಚದ ತನಕ, ಬಾಳಿದ ಊರುಗಳನ್ನು ಬಾಯಲ್ಲಿ ಹೇಳಬೇಕು. ಕಾಗದ ನೋಡುವಂತಿಲ್ಲ.

"ಬರ್ಕೊಂಡು ಬಂದ್ರೆ ನಾನು ಹೇಗೆ ಓದ್ಲಿ?" ಎಂದು ಅವರು ಕೇಳಿದ್ದರು. ಅದರಲ್ಲಿ ತಮಾಷೆ ಅರ್ಧ, ನಿಜ ಅರ್ಧ.

ಮೊದಲು ಬಂದವಳು ಮಾಂಸದ ಕಾರ್ಖಾನೆಯಲ್ಲಿ ದುಡಿಯುವ, ನಲವತ್ತಮೂರು ವರ್ಷದ ಪಾ ಕೂ. ಮೂರು ಊರು ಹೇಳಿ ನಾಲ್ಕನೆಯದಕ್ಕೆ ತಡೆದಳು.

"ಅಮ್ಮಂಗೆ ಫೋನ್ ಮಾಡ್ಲಾ ದೊಡ್ಡಪ್ಪ?"

"ಮಾಡು," ಎಂದರು ನೆಂಗ್ ಷೂ. "ಅವಳು ಎತ್ತುವಷ್ಟು ದಿನ ಮಾಡು. ಆಮೇಲೆ ಯಾರನ್ನ ಕೇಳ್ತೀಯ?"

ತಾಯಿ ಹೇಳುತ್ತ ಹೋದಳು, ಮಗಳು ಬಾಯಿಪಾಠ ಮಾಡಿಕೊಳ್ಳುತ್ತ ಹೋದಳು. ಮಂಚ ಸಿಕ್ಕುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ವಿದ್ಯಾರ್ಥಿವೇತನ ಅವಳಿಗೇ ಹೋಯಿತು. ಜೂವಾ ಕೋಣೆಯ ಮೂಲೆಯಲ್ಲಿ ಕುಳಿತು ಅದನ್ನು ಕೇಳಿದಳು. ಅವಳ ಚೀಲದಲ್ಲಿ ಕಾಲೇಜಿನ ಹನ್ನೆರಡನೆಯ ಪಾಠದ ಪುಸ್ತಕವಿತ್ತು.

ಬ್ಲಿಯಾ ಖಾಂಗ್ ಬಿಟ್ಟುಹೋದವು:

ಸಾಸಿವೆ ಸೊಪ್ಪಿನ ಮೂರು ಮಡಿ, ಹಿಮದ ಕೆಳಗೆ.

ಹಿಡಿ ಸವೆದ ಒಂದು ಸೊಪ್ಪಿನ ಕತ್ತಿ.

ಬಸವನಹುಳುವಿನ ಸುರುಳಿಯ ಕೂರುದಿಂಬು. ಅದು ಅವರೊಂದಿಗೆ ಮಣ್ಣಿಗೆ ಹೋಗಬೇಕಿತ್ತು, ಪೆಂಗ್ ಬಿಡಲಿಲ್ಲ.

ಅಕ್ಷರ ಹೊಲಿದ ಒಂದು ಹಸಿರು ಪಟ್ಟಿ, ಮಗ್ಗಿ ಹೊಲಿದ ಹನ್ನೆರಡು ಬಿಳಿಯ ಪಟ್ಟಿಗಳು. ಒಂಬತ್ತರ ಮಗ್ಗಿಯಲ್ಲಿ ಒಂದು ತಪ್ಪಿದೆ, ಬಿಚ್ಚಿ ಹೊಲಿದಿಲ್ಲ.

ನಾಲ್ಕು ಸೋಲಿನ ಪತ್ರಗಳು, ಗೆಲುವಿನದೊಂದು, ಒಂದೇ ದಾರದಲ್ಲಿ ಕಟ್ಟಿದವು.

ಪದವಿಗೆ ಇನ್ನೂ ಉಳಿದಿದ್ದ ಇಪ್ಪತ್ತೆಂಟು ಪಾಠಗಳು.

ದಾರಿಯ ಹಾಡಿನಲ್ಲಿ ಒಂದು ಹೊಸ ಬಾಗಿಲು.

ಏಳು ಹೆಸರುಗಳಿರುವ ಒಂದು ಕಾಗದ.